ಬೀಗರ ಪಥ್ಯ

ಮನೆಯಿಂದ,
ಶನಿವಾರ ಮಧ್ಯಾಹ್ನ

ಮುದ್ದು ಪುಟ್ಟೀ,

ನೀನು, ಅಳಿಯಂದಿರು ಆರೋಗ್ಯವೇ? ನಿನ್ನ ಸೊಂಟನೋವು ಹೇಗಿದೆ? ಬೀಗರ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ. ನಿನ್ನ ಕಾಗದದ ತುಂಬ ಇದ್ದದ್ದು ಅದೇ. ನಿನ್ನ ಮಾವನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದಾಗ ನಾನೂ ಕಣ್ಣೀರಿಟ್ಟೆ. ಟು ಬಿ ಫ್ರ್ಯಾಂಕ್, ಈಗ ಕಣ್ಣೀರು ಆರಿ ಹೊಟ್ಟೆ ಉರಿಯುತ್ತಿದೆ. ಅವರ ಹಾಲಿನ ಕೆನೆ ತೆಗೆಯುತ್ತೀಯಂತೆ, ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತೀಯಂತೆ, ಮಾಂಸದ ಕೊಬ್ಬು ಬಿಡಿಸಿ ಬೇಯಿಸುತ್ತೀಯಂತೆ. ಕದ್ದು ಬೆಣ್ಣೆ ತಿಂದರೆಂದು ಅವರನ್ನು ಗದರಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಗದರಿಸಿಕೊಳ್ಳಲೂ ಪುಣ್ಯ ಮಾಡಿರಬೇಕು. ನಿಮ್ಮಮ್ಮ ಹೋದ ಮೇಲೆ ನನ್ನ ತಟ್ಟೆಯಲ್ಲಿ ಏನಿದೆ ಎಂದು ಇಣುಕಿದವರಿಲ್ಲ. ಬೇಕರಿಯವನ ತಟ್ಟೆಯಲ್ಲಿ ಇನ್ನೇನಿರುತ್ತದೆ, ಬೆಣ್ಣೆ. ನಿನ್ನ ಮೇಲಿನ ಸಿಟ್ಟಿಗೆ ಮೊನ್ನೆ ಬ್ರೆಡ್ಡಿನ ಎರಡೂ ಕಡೆ ಸವರಿ ತಿಂದೆ. ಬೇಡ ಅನ್ನುವವರಿಲ್ಲದೆ ಅದೂ ರುಚಿಸಲಿಲ್ಲ. ಜೆಲಸಿ ಎಂಬುದು ಅಬ್‌ಸ್ಟ್ರಾಕ್ಟ್ ನೌನು, ಕಣ್ಣಿಗೆ ಕಾಣದು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಆ ಮೇಷ್ಟ್ರು ಈಗ ಬಂದು ನನ್ನ ಮುಖ ನೋಡಬೇಕಿತ್ತು.

ಕೊನೆಗೆ ತಡೆಯಲಾರದೆ ಬುಧವಾರ ನಾನೂ ಡಾಕ್ಟರ ಬಳಿ ಹೋದೆ. ಏನು ತೊಂದರೆ ಎಂದರು. ನನಗೇನಿಲ್ಲ, ಬೀಗರಿಗೆ ಬಂದಿದೆ ಎಂದೆ. "ಅದೇನು ನೆಗಡಿನಾ ಯಜಮಾನ್ರೇ, ಬೀಗರಿಂದ ಅಂಟೋಕೆ?" ಎಂದು ನಕ್ಕರು. ಜೀವಮಾನವೆಲ್ಲ ಬೆಣ್ಣೆ ತಿಂದವನು ನಾನು, ಬಂದರೆ ನನಗೆ ಮೊದಲು ಬರಬೇಕಿತ್ತಲ್ಲ ಎಂದು ವಾದಿಸಿದೆ. ಕೊಬ್ಬು ಹೆಚ್ಚು ತಿಂದರೆ ಈ ಕ್ಯಾನ್ಸರಿನ ಅಪಾಯ ಹೆಚ್ಚಬಹುದು ಎನ್ನುವ ಅಧ್ಯಯನಗಳಿವೆ, ಇಲ್ಲ ಎನ್ನುವವೂ ಇವೆ, ಇನ್ನೂ ಇತ್ಯರ್ಥವಾಗಿಲ್ಲ ಎಂದರು ಡಾಕ್ಟರು. ಹೇಗೂ ಕಡಿಮೆ ಮಾಡಿ, ಹೃದಯಕ್ಕಂತೂ ಒಳ್ಳೆಯದು ಎಂದೂ ಹೇಳಿದರು. ನನ್ನ ವಯಸ್ಸು ನೋಡಿ ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ಇವತ್ತು ಸಂಜೆ ರಿಪೋರ್ಟ್ ಸಿಗುತ್ತದೆ. ಕೆಟ್ಟದ್ದೇ ಬಂದರೆ ನೀನು ಬರಲೇಬೇಕಾಗುತ್ತದಲ್ಲ, ಅದಕ್ಕೇ ಬೆಳಿಗ್ಗೆಯೇ ನಿನ್ನ ಕೋಣೆ ಗುಡಿಸಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಬೀಗರಿಗೆ ನಮಸ್ಕಾರ ತಿಳಿಸು. ಬೇಗ ಗುಣವಾಗಲಿ, ಅದರಲ್ಲಿ ನನ್ನ ಸ್ವಾರ್ಥವೂ ಇದೆ. ನೀವಿಬ್ಬರೂ ತಣ್ಣಗಿರಿ.

ನಿನ್ನ ಸ್ವಂತ ಅಪ್ಪ

ಲಕೋಟೆ ಅಂಟಿಸುವ ಮುಂಚೆ: ರಿಪೋರ್ಟ್ ಬಂತು, ಡಾಕ್ಟರಿಗೆ ತೋರಿಸಿದೆ. ಹೆದರುವಂಥದ್ದೇನೂ ಇಲ್ಲವಂತೆ. "ಸಿಹಿ ಹಂಚಿ ಯಜಮಾನ್ರೇ" ಎಂದರು. ಬೇಕರಿಗೆ ಬಂದು ಕೂತೆ. ಯಾರಿಗೆ ಹಂಚುವುದೆಂದು ಹೊಳೆಯಲಿಲ್ಲ. ಪುಟ್ಟೀ, ನನಗೆ ಯಾವ ಕಾಯಿಲೆಯೂ ಇಲ್ಲ. ಆದರೂ ಒಂದು ಸಲ ಬಾ.