ಅಜ್ಜಿಯ ಬಟ್ಟೆಗೂ ನಾಲ್ಕು ನೀರು

ಕೊಳ್ಳೇಗಾಲ
18 ನವೆಂಬರ್ 2024, ಸೋಮವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಮೂರು ತಿಂಗಳ ಸೊಸೆ ಮೋನಿಕಾಳ ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಮಗಳ ಆರೈಕೆಗೆ ಹೋಗಿ ಹನೂರಿನ ಬೀಗರ ಮನೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡಿಕೊಂಡಿಲ್ಲ ತಾನೆ? ಕುಸುಮಕ್ಕನ ಕಾಲಿನ ಊತ ಇಳಿಯಿತೇ? ಏಳು ತಿಂಗಳ ಬಸುರಿಗೆ ಹಾಸಿಗೆ ಬಿಟ್ಟು ಏಳಬೇಡಿ, ಬಸ್ಸು ಕಾರು ಯಾವುದೂ ಬೇಡ ಎಂದು ಡಾಕ್ಟರು ಕಟ್ಟಿಹಾಕಿದರೆ ಎಷ್ಟು ಬೇಜಾರೋ ಪಾಪ. ಮಗು ಒದೆಯುತ್ತದೆಯಂತೆ, ನಿಜವೇ? ಒದ್ದಾಗ ಹೇಗನಿಸುತ್ತದೆ ಎಂದು ಅವರನ್ನು ಕೇಳಿ ಹೇಳಿ, ನನಗೆ ತುಂಬ ಕುತೂಹಲ. (ಹೀಗೆ ಕೇಳಿದಳೆಂದು ಏನೇನೋ ಅಂದುಕೊಳ್ಳಬೇಡಿ, ಅಂಥದ್ದೇನೂ ಇನ್ನೂ ಇಲ್ಲ.)

ಫೋನಿರುವಾಗ ಕಾಗದ ಏಕೆ ಎನ್ನುತ್ತೀರಿ. ನೀವು ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀರಿ, ಅಲ್ಲಿ ಬೀಗರೆಲ್ಲ ಕೂತಿರುತ್ತಾರೆ. ಇದು ಅಜ್ಜಿಯ ಮಾನದ ವಿಷಯ. ನಾಳೆ ನಿರಂಜನ್ ನಮ್ಮ ಮಗ್ಗದ ಸೀರೆ ಕೊಡಲು ಹನೂರಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಎಸೆಸೆಲ್ಸಿ ಪರೀಕ್ಷೆಯಲ್ಲಿ ರಜೆ ಕೇಳಿ ಬರೆದದ್ದು ಬಿಟ್ಟರೆ ನಾನು ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಪತ್ರ ಇದು. ಕಾನ್ವೆಂಟಿನವಳು ಎಂದು ನಗಬಾರದು, ಪೂರ್ತಿ ಓದಬೇಕು. ನಿನ್ನೆ ನೀವು "ಹೊಸ ಸೊಸೆ ಕೈಲಿ ಇಂಥ ಕೆಲ್ಸ ಮಾಡಿಸ್ಬಾರ್ದು, ಗುರುವಾರ ಬಸ್ ಹತ್ಕಂಡು ಬಂದ್ಬುಡ್ತೀನಿ" ಎಂದಿರಿ. ನೀವು ಬಂದರೆ ಹಗಲೆಲ್ಲ ಕುಸುಮಕ್ಕನ ಹತ್ತಿರ ಯಾರಿರುತ್ತಾರೆ? ಅವರ ಮನೆಯವರೆಲ್ಲ ಅಂಗಡಿಗೆ ಹೋಗಿಬಿಡುತ್ತಾರೆ. ಹಾಗಾಗಿ ಬರುವುದೋ ಬೇಡವೋ ಎನ್ನುವುದನ್ನು ಈ ಕಾಗದ ಓದಿದ ಮೇಲೆ ತೀರ್ಮಾನಿಸಿ.

ನೀವು ಹೊರಟ ದಿನ, ಹುಟ್ಟುವ ಮಗುವಿಗೆಂದು ಹಳೆಯ ಸೀರೆ ಹರಿದು ಒಗೆದು ಮಡಿಸಿದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಕಿಟಕಿಯಿಂದಲೇ ನನಗೆ ಅಜ್ಜಿಯ ಬಟ್ಟೆ ಯಾವ ಮೂಲೆಯಲ್ಲಿದೆ, ಯಾವಾಗ ಬದಲಿಸಬೇಕು ಎಂದು ಪಿಸುಮಾತಿನಲ್ಲಿ ಹೇಳಿದಿರಿ. ಒಂದು ವರ್ಷದಿಂದ ಅಜ್ಜಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿಲ್ಲ ಎನ್ನುವುದೇ ನನಗೆ ಆಗ ತಿಳಿದದ್ದು. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಿರಿ ಇಬ್ಬರೂ. ಮೊದಲ ದಿನ ಬಟ್ಟೆ ಬದಲಿಸುವಾಗ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ನೋಡಿದ ಮೇಲೆ ಮಾತ್ರ ನಾಚಿಕೆ ಹೋಗಿ ಭಯವಾಯಿತು. ತೊಡೆಯ ಸಂದಿಯಲ್ಲಿ, ಬೆನ್ನಿನ ಬುಡದಲ್ಲಿ ಬಿಸಿನೀರು ಚೆಲ್ಲಿದ ಹಾಗೆ ಕೆಂಪು, ಒಂದೆರಡು ಕಡೆ ಸಿಪ್ಪೆ ಎದ್ದಿತ್ತು. ನೀವು ಪೌಡರ್ ಹಾಕು ಎಂದಿದ್ದಿರಿ, ಹಾಕಿದೆ. ಅದು ಬೆವರಿನಲ್ಲಿ ಕಲಸಿ ಹಿಟ್ಟಿನಂತೆ ಕೂತಿತು.  ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ನಮ್ಮ ಬೀದಿಗೆ ಬಿಪಿ ನೋಡಲು ಬರುವ ಕೋಮಲ ಸಿಸ್ಟರನ್ನು ಒಳಗೆ ಕರೆದೆ. ನಿಮ್ಮನ್ನು ಕೇಳದೆ ಕರೆದದ್ದು ತಪ್ಪಾದರೆ ಬಯ್ಯಿರಿ. ಅವರು ಹೇಳಿದ್ದು ಎಷ್ಟು ಸರಳ ಗೊತ್ತೇ? ಪೌಡರ್ ಬೇಡ. ಒದ್ದೆಯಾದ ಕೂಡಲೇ ಬದಲಿಸಬೇಕು, ಆಗಿಲ್ಲ ಅಂದರೂ ಎರಡು ಮೂರು ಗಂಟೆಗೊಮ್ಮೆ ನೋಡಬೇಕು. ಪ್ರತಿ ಸಲವೂ ಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರೆಸಬೇಕು. ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು ತೆಳ್ಳಗೆ ವ್ಯಾಸಲೀನ್ ಸವರಬೇಕು. ಚರ್ಮ ಒಡೆದು ನೀರು ಸುರಿದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಮಾತು ಕೇಳಿ ನನಗೆ ಅಳುವೇ ಬಂತು. ಅಜ್ಜಿ ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಸಿಸ್ಟರ್ ಕೇಳಿದರು. ಎರಡು ಲೋಟವಂತೆ. ಕುಡಿದರೆ ತಾನೇ ಒದ್ದೆಯಾಗುವುದು ಎಂದು ಅಜ್ಜಿ ಲೆಕ್ಕ ಹಾಕಿದ್ದಾರೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಇನ್ನೂ ಉರಿಯುತ್ತದಂತೆ.

ಹೇಳಿದ್ದೆಲ್ಲ ಮಾಡಿದೆ. ರಾತ್ರಿಗೆ ನಿರಂಜನ್ ಮೆಡಿಕಲ್ಸಿನಿಂದ ದೊಡ್ಡವರ ಡೈಪರ್ ತಂದರು (ನಾಚಿಕೊಂಡು ಎರಡು ಪೇಪರ್ ಸುತ್ತಿಸಿಕೊಂಡು ಬಂದರು, ನಿಮ್ಮ ಮಗ ಎಷ್ಟು ಒಳ್ಳೆಯವರು ಅತ್ತೆ!). ಆಗ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಡೈಪರ್ ತೆಗೆದಾಗ ಕೆಂಪು ಇಳಿದಿರುತ್ತಿತ್ತು, ಹಗಲು ನಮ್ಮ ಮೆತ್ತನೆಯ ಹತ್ತಿ ಬಟ್ಟೆ ಕಟ್ಟಿದರೆ ಸಂಜೆಗೆ ಮತ್ತೆ ಏರುತ್ತಿತ್ತು. ಪ್ಲಾಸ್ಟಿಕ್ಕಿನದು ಸುಖ, ಹತ್ತಿಯದು ಉರಿ, ಇದೆಂಥ ತಲೆಕೆಳಗು? ಎರಡು ದಿನ ಇದೇ ಯೋಚನೆ. ಕೊನೆಗೆ ಒಂದು ಕೈಯ ಬಳೆ ಮೇಲಕ್ಕೆ ಸರಿಸಿ ಡೈಪರಿನ ತುಂಡು, ಇನ್ನೊಂದಕ್ಕೆ ಅಜ್ಜಿಯ ಒಗೆದ ಬಟ್ಟೆ ಕಟ್ಟಿಕೊಂಡು, ಎರಡಕ್ಕೂ ಬರೀ ಕುಡಿಯುವ ನೀರು ಹನಿಸಿ ಮಧ್ಯಾಹ್ನವೆಲ್ಲ ಓಡಾಡಿದೆ. ಮಾವ ಮಗ್ಗದ ಗುಂಡಿಯಿಂದ ತಲೆ ಎತ್ತಿ "ಏನವ್ವ, ಎರ್ಡು ಕೈಯೂ ಮುರ್ಕಂಡ್ಯಾ" ಎಂದರು. ಸಂಜೆ ಬಿಚ್ಚಿದರೆ ಡೈಪರಿನ ಕೈ ಸುಮ್ಮನಿದೆ, ಬಟ್ಟೆಯ ಕೈ ಕೆಂಪಾಗಿ ನವೆ ಹತ್ತಿದೆ. ಅಲ್ಲಿ ಮೂತ್ರವೇ ಇರಲಿಲ್ಲ ಅತ್ತೆ. ಅಂದರೆ ಕಚ್ಚುತ್ತಿದ್ದದ್ದು ಬಟ್ಟೆ.

ಕೈಯನ್ನು ಅಜ್ಜಿಗೆ ತೋರಿಸಿದೆ. ಒಂದು ವಾರದಲ್ಲಿ ಮೊದಲ ಸಲ ಅವರು ತಾವಾಗಿಯೇ ಎದ್ದು ಕೂತು ಒಗೆದ ಬಟ್ಟೆ ಕೊಡು ಎಂದರು. ನೀರಿನಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿ ಮೆಲ್ಲಗೆ ಉಜ್ಜಿದರು. ಕುದಿಸಿದ ರೇಷ್ಮೆ ನೂಲನ್ನು ನೀವು ಹಾಗೆಯೇ ಉಜ್ಜಿ ನೋಡುವುದನ್ನು ನಾನು ಬಂದ ಹೊಸದರಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದೆ (ಕುಂತೂರಿನ ಸಕ್ಕರೆ ಕಾರ್ಖಾನೆಯ ಕ್ಲರ್ಕಿನ ಮಗಳಿಗೆ ಅದೆಲ್ಲ ಎಲ್ಲಿ ಗೊತ್ತು?). ಉಜ್ಜಿ, "ಇನ್ನೂ ಜಾರ್ತದೆ. ಸೋಡಾ ಓಗಿಲ್ಲ ಕಣವ್ವ" ಎಂದರು. ಆಮೇಲೆ ನಕ್ಕರು. "ನೂಲ್ಗೆ ನಾಕು ನೀರು ತೋರುಸ್ತೀವಿ. ನನ್ನ ಬಟ್ಟೆಗೆ ಒಂದೇ."

ನಿಮಗೆ ಆಗಲೇ ಅರ್ಥವಾಗಿರಬೇಕು. ನೂಲಿನ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ಕುದಿಸಿದ ನೀರು ಹಂಡೆಯಲ್ಲಿ ಉಳಿಯುತ್ತದಲ್ಲ, ಅದನ್ನು ಚೆಲ್ಲದೆ ಅಜ್ಜಿಯ ಬಟ್ಟೆ ನೆನೆಹಾಕಿ, ಒಂದು ಸಲ ಜಾಲಿಸಿ ಒಣಗಿಸುತ್ತೇವೆ. ಎಷ್ಟು ಬೆಳ್ಳಗಾಗುತ್ತದೆ, ವಾಸನೆಯೂ ಇರುವುದಿಲ್ಲ. ಒಣಗಿರುವಾಗ ಸೋಡಾ ಸುಮ್ಮನಿದ್ದು, ಒದ್ದೆಯಾದ ಕೂಡಲೇ ಕಚ್ಚುತ್ತದೆ. ಈಗ ಬಟ್ಟೆಗಳನ್ನೆಲ್ಲ ಬರೀ ನೀರಿನಲ್ಲಿ ಕುದಿಸಿ, ನೂಲಿನಂತೆಯೇ ನಾಲ್ಕು ಸಲ ಹೊಸ ನೀರಿನಲ್ಲಿ ಜಾಲಿಸಿ, ಅಜ್ಜಿಯ ಬೆರಳಿಗೆ ಕೊಡುತ್ತೇನೆ. ಅವರು ಪಾಸ್ ಮಾಡಿದ ಮೇಲೆಯೇ ಹಗ್ಗಕ್ಕೆ. ಎರಡು ತುಂಡು ಫೇಲಾಗಿ ವಾಪಸ್ಸು ಬಂದವು! ಇವತ್ತಿಗೆ ಐದು ದಿನ. ಸಿಪ್ಪೆ ಎದ್ದ ಜಾಗ ಮುಚ್ಚಿದೆ, ಕೆಂಪು ಹೋಗಿ ಬೆನ್ನಿನ ಬುಡದಲ್ಲಿ ತಿಳಿಗಂದು ಕಲೆ ಮಾತ್ರ ಉಳಿದಿದೆ. ಸಿಸ್ಟರ್ ನೋಡಿ ಸರಿಯಿದೆ ಎಂದರು. ನೀರು ದಿನಕ್ಕೆ ಆರು ಲೋಟ, ಬಯ್ದುಕೊಂಡೇ ಕುಡಿಯುತ್ತಾರೆ.

ಇನ್ನೊಂದು ಸುದ್ದಿ. ಮೈ ಮೈಲಿಗೆ, ರೇಷ್ಮೆ ಮುಟ್ಟಬಾರದು ಎಂದು ಅಜ್ಜಿ ರಾಟೆ ಬಿಟ್ಟಿದ್ದರಲ್ಲ. ನಿನ್ನೆ ಬೆಳಿಗ್ಗೆ ಮಾವ ರಾಟೆಯನ್ನು ಒರೆಸಿ, ತಮ್ಮ ಮಗ್ಗದ ಪಕ್ಕ ಬಿಸಿಲು ಬೀಳುವಲ್ಲಿ ಇಟ್ಟು, ಮುಂದೆ ಒಂದು ಮೆತ್ತೆ ಹಾಸಿದರು. ಅಜ್ಜಿ ಸುಮಾರು ಹೊತ್ತು ನೋಡಿ ಹೋಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಲಾಳಿಯೊಳಗಿಡುವ ಏಳು ಕಂಡಿಕೆ ನೂಲು ಸುತ್ತಿದ್ದರು.

ಕುಸುಮಕ್ಕನಿಗೆ ನನ್ನ ಪ್ರೀತಿ, ಬೀಗರಿಗೆ ವಂದನೆ. ನಿಮ್ಮ ಪಾದಕ್ಕೆ ನಮಸ್ಕರಿಸಿ, ಇಲ್ಲಿ ಎಲ್ಲರೂ ಊಟ ಮಾಡಿ ಚೆನ್ನಾಗಿದ್ದೇವೆ ಎಂದು ತಿಳಿಸುತ್ತಾ,

ನಿಮ್ಮ ಸೊಸೆ
ಮೋನಿಕಾ

ತಾ.ಕ. (ಮಂಗಳವಾರ ಬೆಳಿಗ್ಗೆ): ಕಾಗದ ಓದಿಸಿಕೊಂಡ ಅಜ್ಜಿ ಎರಡು ವಿಷಯ ಸೇರಿಸು ಎನ್ನುತ್ತಿದ್ದಾರೆ, ನಿರಂಜನ್ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಒಂದು, ನಿಮಗೇ ಹೇಳಿದ್ದು: "ರುದ್ರಾಣಿ ನೊಂದ್ಕಬಾರ್ದು. ಆ ನೀರ್ನಲ್ಲಿ ಒಗಿಯಕ್ಕೆ ಕಲ್ಸಿದ್ದು ನಾನು. ಅವ್ಳು ಚಾಚೂ ತಪ್ದಂಗೆ ಮಾಡುದ್ಲು, ಅಷ್ಟೇಯ." ಇನ್ನೊಂದು ಈಗ ತಾನೇ ಅವರಿಗೆ ಹೊಳೆದದ್ದು. ನೀವು ತೊಡೆಯ ಮೇಲಿಟ್ಟುಕೊಂಡು ಹೋದ ಮಗುವಿನ ಬಟ್ಟೆಯ ಗಂಟನ್ನೂ ಅದೇ ಹಂಡೆಯ ನೀರಿನಲ್ಲೇ ಒಗೆದದ್ದು. ಅಷ್ಟನ್ನೂ ಬಿಚ್ಚಿ ಕುದಿಸಿ, ನಾಲ್ಕು ನೀರು ತೋರಿಸಿ, ಜಾರುತ್ತದೆಯೇ ಎಂದು ನೀವೇ ಬೆರಳಲ್ಲಿ ಉಜ್ಜಿ ನೋಡಬೇಕಂತೆ. ಹನೂರಿನಲ್ಲಿ ಆ ಬೆರಳು ಬೇರೆ ಯಾರಿಗಿದೆ? ಗುರುವಾರ ಬಸ್ ಹತ್ತಬೇಡಿ ಅತ್ತೆ.