ಹಂದಿ ಕರೆಯುವ ಗಂಟಲು

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಮತ್ತೆ ಬ್ರೆಡ್ಡು ಸುಟ್ಟೆ. ಹೊಗೆಯ ಅಲಾರಂ ಬಾಯಿ ಬಡಿದುಕೊಂಡಿತು. ಈ ಬಾಡಿಗೆ ಮನೆಯ ವಿದ್ಯಾರ್ಥಿಗಳೆಲ್ಲ ರಾತ್ರಿಯ ಬಟ್ಟೆಯಲ್ಲೇ ಬೀದಿಗೆ ಬಂದರು, ಚಳಿಯಲ್ಲಿ. ಒಬ್ಬರೂ ಬೈಯಲಿಲ್ಲ. ಅದೇ ನನಗೆ ಭಯ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಇಂಗ್ಲಿಷರು "ಪರವಾಗಿಲ್ಲ" ಅಂದು ಆಕಾಶ ನೋಡುತ್ತಾರೆ.

ರಸ್ತೆ ದಾಟುವಾಗ ಇವತ್ತೂ ಎಡಕ್ಕೆ ನೋಡಿದೆ. ಬಸ್ಸು ಬಂದದ್ದು ಬಲದಿಂದ. ಮೂಗು ಉಳಿದದ್ದು ಪುಣ್ಯ. ಅಮೆರಿಕದಲ್ಲಿ, ನೆಬ್ರಾಸ್ಕಾದ ನಮ್ಮ ಹಳ್ಳಿಯಲ್ಲಿ ಬಸ್ಸೇ ಇಲ್ಲ, ಸಾಯುವ ಪ್ರಶ್ನೆಯೂ ಇಲ್ಲ.

ಪಕ್ಕದ ಕೋಣೆಯ ಐಲ್ಸಾ ಒಳ್ಳೆಯವಳು. ಇಲ್ಲಿಂದ ಉತ್ತರಕ್ಕೆ ಸಮುದ್ರದ ದಂಡೆಯವಳು. ಚಹಾ ಕೊಟ್ಟು ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡ ಕಣೇ ಮಾರ್ನಿ... ನಿನ್ನ ಪಿಸುಮಾತು ಪಕ್ಕದ ಬೀದಿಗೆ ಕೇಳ್ಸುತ್ತೆ."

ಬೇಜಾರಿಲ್ಲ ಅಂದೆ. ಅದೂ ಜೋರಾಗಿಯೇ ಬಂತು.

ಅಕ್ಟೋಬರ್ 19, ಭಾನುವಾರ

ಯಾರ್ಕಿಗೆ ಹೋಗಿದ್ದೆ. ಒಬ್ಬಳೇ. ಹೋಗಿ ಬಂದ ಹೆಮ್ಮೆಯೆಲ್ಲ ವಾಪಸು ರೈಲಿನಲ್ಲಿ ಮಣ್ಣುಪಾಲು.

ಅಮ್ಮನ ಫೋನು ಬಂತು. ಮಂಡಿನೋವು, ಡಾಕ್ಟರು, ಮುಲಾಮು — ಎಲ್ಲ ವಿಚಾರಿಸಿದೆ. ಫೋನು ಇಟ್ಟ ಮೇಲೆ ಕಿಟಕಿಯ ಚೀಟಿ ನೋಡಿದೆ. ಸದ್ದು ಮಾಡಬಾರದ ಬೋಗಿ! ಎದುರಿನ ಮುದುಕರು ಪೇಪರು ಮಡಿಸಿ, ತಲೆ ಬಾಗಿಸಿ, "ನಿಮ್ಮ ತಾಯಿಯವರ ಮಂಡಿ ಬೇಗ ವಾಸಿಯಾಗ್ಲಿ ಅಂತ ಈ ಬೋಗಿಯವರೆಲ್ಲರ ಹಾರೈಕೆ" ಅಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಮ್ಮ ಊರಿಗಿಂತ ಮೊದಲ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಮುಂದಿನ ರೈಲು ಬರುವವರೆಗೆ ಬೆಂಚಿನ ಮೇಲೆ ನಡುಗುತ್ತ ಕೂತೆ. ಇನ್ನು ಮೇಲೆ ಬಾಯಿಗೆ ಬೀಗ.

ನವೆಂಬರ್ 27, ಗುರುವಾರ

ನಮ್ಮ ಕೃತಜ್ಞತಾ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಇಲ್ಲಿ ಮಾಮೂಲಿ ಗುರುವಾರ, ಬೆಳಿಗ್ಗೆ ತರಗತಿ ಬೇರೆ. ಟರ್ಕಿ ಕೋಳಿ ಈ ಗೊಂಬೆಮನೆಯ ಒಲೆಯೊಳಗೆ ಹಿಡಿಯಲಿಲ್ಲ. ಎರಡು ತುಂಡು ಮಾಡಿ ಸರದಿಯ ಮೇಲೆ ಬೇಯಿಸಿದೆ.

ವೆಸ್ ಬಂದಿದ್ದ. ಓಕ್ಲಹೋಮಾದವನು, ಇತಿಹಾಸದ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಾನೆ. ಕಾಲೇಜಿನ ಪಟ್ಟೆಪಟ್ಟೆಯ ಸ್ಕಾರ್ಫು ಒಂದು ಕೊಂಡಿದ್ದಾನೆ, ಅವನಷ್ಟೇ ಉದ್ದ. ಮನೆಯೊಳಗೂ ತೆಗೆಯುವುದಿಲ್ಲ.

"ಅದನ್ನ ಹಾಕ್ಕೊಳ್ಳೋರು ಟೂರಿಸ್ಟ್‌ಗಳು ಮತ್ತೆ ಅಮೆರಿಕದೋರು ಮಾತ್ರ," ಅಂದಳು ಐಲ್ಸಾ.

"ನಾನು ಎರಡೂ ಹೌದಲ್ಲಮ್ಮಾ," ಅಂದ ವೆಸ್.

ಅವನು ತಂದಿದ್ದ ಸಿಹಿಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಮಿಠಾಯಿ ಕರಗಿತ್ತು. ಐಲ್ಸಾ ಒಂದು ಚಮಚ ಬಾಯಿಗಿಟ್ಟಳು. "ಇದು ಊಟಾನಾ, ಶಿಕ್ಷೆನಾ?"

ವೈನು ಒಳಗಿಳಿದಿತ್ತು. ನಮ್ಮ ಜಿಲ್ಲಾ ಮೇಳದಲ್ಲಿ ಹಂದಿ ಕರೆಯುವ ಸ್ಪರ್ಧೆ ಇರುತ್ತೆ, ಚಿಕ್ಕವಳಿದ್ದಾಗ ಗೆದ್ದಿದ್ದೆ ಅಂತ ಬಾಯಿಬಿಟ್ಟೆ. ವೆಸ್ ಬಿಡುತ್ತಾನೆಯೇ! "ಮಾಡಿ ತೋರ್ಸು, ಮಾಡಿ ತೋರ್ಸು." ಅಜ್ಜಿ ಕಲಿಸಿದ ಹಾಗೆ ಹೊಟ್ಟೆಯಿಂದ ಎತ್ತಿ, ಮೂಗಿನ ಬುಡಕ್ಕೆ ತಂದು, ಬಿಟ್ಟೆ — ಸೂ... ಈ! ಅಲಮಾರಿಯ ಲೋಟಗಳು ಝಣ್ ಅಂದವು. ವೆಸ್ ನೆಲಕ್ಕೆ ಕೈಯೂರಿ ಗುರ್‌ಗುರ್ ಅನ್ನುತ್ತ ನನ್ನ ಕಾಲಬಳಿ ಬಂದ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಯಜಮಾನರು, ಚಪ್ಪಲಿಯಲ್ಲಿ, ಕೈಯಲ್ಲಿ ಟಾರ್ಚು. "ಯಾರಿಗೂ ಏನೂ ಆಗಿಲ್ಲ ತಾನೆ?" ಮುಖ ಬಿಳಿಚಿಕೊಂಡಿತ್ತು.

ನಾನು ಇಂಗ್ಲೆಂಡಿಗೆ ಬಂದು ಮಾಡಿದ ಸಾಧನೆ ಇದು. ಮಲಗಿದರೂ ಕೆನ್ನೆ ಬಿಸಿ.

ಜನವರಿ 22, ಗುರುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿತ್ತು... ಕತ್ತಲೆ, ಪ್ರಬಂಧ, ಟೊಮೇಟೊ ಸೂಪು.

ಇವತ್ತು ಮೇಷ್ಟ್ರು ನಾನು ಓದುವುದನ್ನು ಅರ್ಧಕ್ಕೆ ನಿಲ್ಲಿಸಿ, "ಸ್ವಲ್ಪ ಕೇಳೋ ಹಾಗೆ ಓದ್ತೀರಾ, ಮಾರ್ನಿ?" ಅಂದರು. ಜೋರಾಗಿ ಓದಲು ಹೋದೆ. ಬರಲಿಲ್ಲ! ಇಲಿಯ ಹಾಗೆ ಒಂದು ಸದ್ದು. ವೆಸ್ ಎದ್ದು ನನ್ನ ಹಾಳೆ ತಗೊಂಡು ತಾನೇ ಓದಿದ.

ಸಂಜೆ ಅಮ್ಮ: "ಯಾಕೇ ಪಿಸುಗುಡ್ತಿದ್ದೀಯ? ಯಾರಾದ್ರೂ ಸತ್ರಾ?"

ಇಲ್ಲಮ್ಮ, ಅಂದೆ. "ಏನಂದೆ?" ಅಂದಳು.

ಫೆಬ್ರವರಿ 15, ಭಾನುವಾರ

ಎಡಿನ್‌ಬರೋ. ವೆಸ್ ಜೊತೆ. ಒಂದು ಗೋಪುರದ ಸುತ್ತುಮೆಟ್ಟಿಲಲ್ಲಿ ನಡುವೆ ಸಿಕ್ಕಿಕೊಂಡೆ. ಮೇಲೆ ಹೋಗಲಾರೆ, ಕೆಳಗೆ ಇಳಿಯಲಾರೆ. ಹಿಂದೆ ಜರ್ಮನ್ ಶಾಲೆಯ ಮಕ್ಕಳು ಕಾಯುತ್ತ ನಿಂತರು. ಅತ್ತೆ. ವೆಸ್ ಕೈಹಿಡಿದು ಹಿಂದೆ ಹಿಂದೆ ಇಳಿಸಿದ, ಒಂದೊಂದೇ ಮೆಟ್ಟಿಲು.

"ನಿಂಗೆ ಭಯ ಆಗದೇ ಇರೋದು ಒಂದಾದ್ರೂ ಇದ್ಯಾ ಪುಕ್ಲಿ?" ಅಂದ, ಆಮೇಲೆ. ತಮಾಷೆಗೇ.

"ಹಂದಿ" ಅಂದೆ.

ನಿಜ ಹೇಳಬೇಕೆಂದರೆ ಸಾಕಾಗಿದೆ. ಬೆಳಗಾಗೆದ್ದರೆ ಭಯ. ಬಸ್ಸು, ಮೆಟ್ಟಿಲು, ಮೇಷ್ಟ್ರು, ಅಂಗಡಿಯ ಹುಡುಗಿ. ಮುಂದಿನ ಸಲ ಅವನು ಎಲ್ಲಿಗಾದರೂ ಕರೆದರೆ ಬಾಯಲ್ಲಿ ಮೊದಲು "ಬೇಡ" ಬರಕೂಡದು. ಆಣೆ.

ಮಾರ್ಚ್ 20, ಶುಕ್ರವಾರ

ಐಲ್ಸಾಳ ಊರು. ವೆಸ್ ಕೂಡ ಬಂದಿದ್ದಾನೆ. ಅವಳ ಚಿಕ್ಕಮ್ಮ ಮೊರೀನ್ ದಂಡೆಯ ಮೇಲೆ ಚಹಾ ಅಂಗಡಿ ಇಟ್ಟಿದ್ದಾರೆ, ಮೇಲುಮಾಳಿಗೆಯಲ್ಲಿ ನಮಗೆ ಹಾಸಿಗೆ. ಐಲ್ಸಾಗೆ ಜ್ವರ, ಮೂಗು ಕೆಂಪಗೆ.

ಕಿಟಕಿಯಿಂದ ಸಮುದ್ರ ನೋಡಿದೆ. ಅಲ್ಲ, ಸಮುದ್ರ ಇರಲಿಲ್ಲ! ಮಧ್ಯಾಹ್ನ ನೀರಿದ್ದ ಕಡೆ ಸಂಜೆ ಬರೀ ಮರಳು, ಕ್ಷಿತಿಜದವರೆಗೆ. ಆಚೆ ಸ್ಕೆಲ್ಬಿ ಅನ್ನುವ ದ್ವೀಪ. ಮರಳಿನ ಮೇಲೆ ಸಾಲು ಕಂಬ ನೆಟ್ಟಿದ್ದಾರೆ, ನೀರಿಳಿದಾಗ ಅದರ ಗುರುತಿನ ಮೇಲೆ ನಡೆದೇ ಹೋಗುತ್ತಾರಂತೆ. ನಡುವೆ ನಾಲ್ಕು ಕಾಲಿನ ಮೇಲೆ ಒಂದು ಮರದ ಗೂಡು, ನಮ್ಮ ಕಡೆಯ ಜಿಂಕೆ ಬೇಟೆಗಾರರ ಅಟ್ಟಣೆಯ ಹಾಗೆ.

"ಸೀಲು ಪ್ರಾಣಿಗಳಿವೆಯಂತೆ ಅಲ್ಲಿ. ನಾಳೆ ಹೋಗೋಣ್ವಾ?" ಅಂದ ವೆಸ್.

ಹೂಂ ಅಂದೆ. ಬೇಡ ಅನ್ನಬೇಕೆನಿಸಿತ್ತು. ಆದರೂ ಅಂದೆ.

ಮಾರ್ಚ್ 21, ಶನಿವಾರ, ಮಧ್ಯಾಹ್ನ

ಗೂಡಿನೊಳಗೆ ಕೂತಿದ್ದೇನೆ. ಕೆಳಗೆ ನೀರು.

 ಬರೆಯಲೇಬೇಕು. ಫೋನಿನಲ್ಲಿ ಕರಾವಳಿ ಕಾವಲಿನವರು ಹೇಳಿದ್ದಾರೆ — ಕೂಗಿ, ಆಮೇಲೆ ಸದ್ದಿಲ್ಲದೆ ಕೇಳಿಸ್ಕೊಳ್ಳಿ. ಆ ಸದ್ದಿಲ್ಲದ ಹೊತ್ತಿನಲ್ಲಿ ಏನೂ ಮಾಡದೆ ಕೂತರೆ ಹುಚ್ಚು ಹಿಡಿಯುತ್ತದೆ.

ಹೊರಡುವಾಗ ಮೊರೀನ್ ಚಿಕ್ಕಮ್ಮ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದರು. ತಲೆಯೆತ್ತದೆ, "ಇಷ್ಟು ಹೊತ್ತಾದ್ಮೇಲೆ ನಾನಾಗಿದ್ರೆ ಹೋಗ್ತಿರ್ಲಿಲ್ಲ ಪುಟ್ಟಾ. ಅಮಾವಾಸ್ಯೆ ಈಗಷ್ಟೆ ಕಳೆದಿದೆ, ನೀರು ವಾಪಸ್ ಬರೋದು ಸ್ವಲ್ಪ ಚುರುಕು," ಅಂದರು. ಅಷ್ಟೇ. ಕೂಗಲಿಲ್ಲ, ಕೈಹಿಡಿದು ಎಳೆಯಲಿಲ್ಲ. ಬೆಣ್ಣೆ ಹಚ್ಚುತ್ತಲೇ ಇದ್ದರು! ಐಲ್ಸಾ ಮೇಲೆ ಮಲಗಿದ್ದಳು.

ಮರಳು ಶುರುವಾಗುವಲ್ಲಿ ಒಂದು ಹಲಗೆ — ನೀರಿನ ಹೊತ್ತು ನೋಡಿಕೊಂಡು ಹೋಗಿ ಅಂತ. ನಾನು ನಿಂತೆ.

"ಅಪಾಯ ಇದ್ದಿದ್ರೆ ಗೇಟ್ ಹಾಕಿರ್ತಿದ್ರು," ಅಂದ ವೆಸ್. "ಪೊಲೀಸ್ ನಿಂತಿರ್ತಿದ್ದ. ನಮ್ಮಲ್ಲಿ ಕಾಫಿ ಲೋಟದ ಮೇಲೂ ಬಿಸಿ ಇದೆ ಹುಷಾರ್ ಅಂತ ಬರ್ದಿರಲ್ವಾ? ಇಲ್ಲಿ ಬರೀ ಒಂದು ಹಲಗೆ. ಬಾರೇ."

ನನಗೂ ಸರಿಯೆನಿಸಿತು. ಬೇಲಿಯಿಲ್ಲದ ಕಡೆ ಸಾವಿರುತ್ತದೆ ಅಂತ ನಮಗೆ ಯಾರು ಕಲಿಸಿದ್ದಾರೆ?

ಅರ್ಧ ದಾರಿಗೆ ಮಂಜು ಬಂತು, ಸಮುದ್ರದ ಕಡೆಯಿಂದ. ಮುಂದಿನ ಕಂಬ ಕಾಣಿಸಿತು, ಅದರಾಚೆಯದು ಇಲ್ಲ. ನೀರು ಬಂದರೆ ಎದುರಿನಿಂದ ಬರುತ್ತದೆ ಅಂದುಕೊಂಡಿದ್ದೆ, ನಮ್ಮೂರ ಹೊಳೆಯ ನೆರೆಯ ಹಾಗೆ. ಅದು ಬಂದದ್ದು ಹಿಂದಿನಿಂದ. ಸದ್ದಿಲ್ಲದೆ, ಮರಳಿನ ತಗ್ಗುಗಳಲ್ಲಿ ತುಂಬಿಕೊಂಡು. ನಮ್ಮ ಹೆಜ್ಜೆಗುರುತುಗಳು ನೋಡನೋಡುತ್ತ ಮಾಯವಾದವು.

ಗೂಡಿನ ಏಣಿ ಹತ್ತಿದೆ. ವೆಸ್ ಹತ್ತಲಿಲ್ಲ. "ದ್ವೀಪ ಇಲ್ಲೇ ಇದೆ, ಮೊಣಕಾಲಷ್ಟು ನೀರು. ಅಲ್ಲಿ ಯಾವುದಾದ್ರೂ ಮನೆಗೆ ಹೋಗಿ ದೋಣಿ ಕಳಿಸ್ತೀನಿ, ನೀನು ಇಲ್ಲೇ ಇರು ಪುಕ್ಲಿ." ನಕ್ಕ. ಹೋದ. ಪಟ್ಟೆ ಸ್ಕಾರ್ಫು ಮಂಜಿನಲ್ಲಿ ಸ್ವಲ್ಪ ಹೊತ್ತು ಕಂಡಿತು.

ಆಮೇಲೆ ಅವನ ಕೂಗು. "ಮಾರ್ನಿ, ಆಳ ಇದೆ! ಮುಂದೆ ಆಳ!" ವಾಪಸು ಬರಲೂ ಆಗಲಿಲ್ಲ ಅವನಿಗೆ. ಒಂದು ಕಂಬ ತಬ್ಬಿಕೊಂಡಿದ್ದಾನೆ. ಸ್ಕಾರ್ಫಿನಲ್ಲಿ ತನ್ನನ್ನು ಕಂಬಕ್ಕೆ ಬಿಗಿದುಕೊಂಡಿದ್ದೇನೆ ಅಂತ ಕೂಗಿ ಹೇಳಿದ. ಯಾವ ಕಂಬ? ನನಗೆ ಏನೂ ಕಾಣುತ್ತಿಲ್ಲ. ಏಣಿಯ ಕೆಳಗಿನ ಮೆಟ್ಟಿಲುಗಳು ಮುಳುಗಿವೆ.

ಬೆರಳು ತಾನಾಗಿ ನಮ್ಮ ದೇಶದ 911 ಒತ್ತಿತು. ಅಳಿಸಿ ಇಲ್ಲಿನ ತುರ್ತು ನಂಬರು, 999. ಕರಾವಳಿ ಕಾವಲಿನವರು. ಸಾಯ್ತಿದ್ದೀವಿ, ಅಂದೆ. ಆ ಕಡೆಯ ದನಿ ಒಂಚೂರೂ ಏರಲಿಲ್ಲ: "ಆಯ್ತು ಪುಟ್ಟಾ. ಒದ್ದೆ ಆಗಿದೀರ ಅನ್ನಿ. ದೋಣಿ ಹೊರಟಾಯ್ತು. ಮಂಜಲ್ಲಿ ನಮ್ಮ ಹುಡುಗ್ರಿಗೆ ಕಣ್ಣು ಕಾಣಲ್ಲ, ಕಿವಿ ಇದೆ. ನಿಮ್ಮ ಸ್ನೇಹಿತರು ನಿದ್ದೆ ಹೋಗಬಾರದು. ಹೋದ್ರೆ ತಣ್ಣೀರು ಬಿಡಲ್ಲ. ಕೂಗ್ತಾನೇ ಇರಿ. ಅವರು ಉತ್ತರ ಕೊಡ್ತಾನೇ ಇರ್ಲಿ."

ಕೂಗಿದೆ. ಇಲಿಯ ಸದ್ದು.

"ಏನೂ ಕೇಳ್ಸ್‌ಲಿಲ್ಲ," ಅಂದಿತು ಫೋನು. "ಇನ್ನೊಂಚೂರು ಜೋರಾಗಿ. ಇಲ್ಲಿ ಯಾರೂ ಏನೂ ಅನ್ಕೊಳ್ಳಲ್ಲ."

ವೆಸ್ ಅಂತ ಕೂಗಿದರೆ ಆ ಹೆಸರು ಬಾಯಿಂದ ಹೊರಬಿದ್ದ ಕೂಡಲೇ ಮಂಜಿನಲ್ಲಿ ಸಾಯುತ್ತಿತ್ತು. ಅತ್ತುಬಿಟ್ಟೆ. ಐದು ತಿಂಗಳು ಹಿಚುಕಿ ಹಿಚುಕಿ ಚಿಕ್ಕದು ಮಾಡಿಟ್ಟ ಗಂಟಲು, ಈಗ ಬೇಕೆಂದರೆ ಎಲ್ಲಿಂದ ತರಲಿ? ಆಗ ಅಜ್ಜಿಯ ಮಾತು ನೆನಪಾಯಿತು. ಗಂಟಲಿಂದ ಅಲ್ಲ ಕಣೇ, ಹೊಟ್ಟೆಯಿಂದ. ಹಂದಿಗೆ ನಾಚಿಕೆ ಗೊತ್ತಿಲ್ಲ, ನಿಂಗ್ಯಾಕೆ?

ಕಿಟಕಿಯಿಂದ ತಲೆ ಹೊರಗೆ ಹಾಕಿ ಬಿಟ್ಟೆ. ಸೂ... ಈ!

ಮಂಜಿನೊಳಗಿಂದ ಗುರ್‌ಗುರ್ ಅಂತ ಉತ್ತರ ಬಂತು. ಮತ್ತೆ ನಗು. ಹಲ್ಲು ಕಟಕಟಿಸುತ್ತಿದ್ದ ನಗು.

ಅದೇ ದಿನ, ಇನ್ನೂ

ಕೂಗುತ್ತಿದ್ದೇನೆ. ಗುರ್‌ಗುರ್ ಬರುತ್ತಿದೆ. ಕೂಗುತ್ತೇನೆ, ಉಸಿರು ಹಿಡಿದು ಕೇಳುತ್ತೇನೆ, ಬಂದ ಮೇಲೆ ಒಂದು ಸಾಲು ಬರೆಯುತ್ತೇನೆ. ಮೊದಲಿನಷ್ಟು ಬೇಗ ಬರುತ್ತಿಲ್ಲ.

"ವೆಸ್, ನೀರು ಎಲ್ಲೀವರೆಗೆ?"

"ಎದೆ."

ದೂರದಲ್ಲಿ ಎಂಜಿನ್ನಿನ ಸದ್ದು. ಎತ್ತಲಿಂದ ಅಂತ ತಿಳಿಯುತ್ತಿಲ್ಲ. ನನ್ನ ಕೂಗು ಕೇಳಿಸಿತಂತೆ ಅವರಿಗೆ, ಫೋನಿನವರು ಹೇಳಿದರು. "ದೋಣೀಲಿರೋ ಒಬ್ಬ ಕೇಳ್ತಿದ್ದಾನೆ, ಅದು ಯಾವ ಪ್ರಾಣಿ ಅಂತ." ಗೂಡಿನ ದಿಕ್ಕು ಸಿಕ್ಕಿದೆ. ಅವನ ದಿಕ್ಕು ಸಿಗಬೇಕು. ಅವನು ಸದ್ದು ಮಾಡಬೇಕು.

ಅಮ್ಮಾ, ನನಗೆ ತುಂಬ ಭಯವಾಗುತ್ತಿದೆ. ಬಸ್ಸಿನ ಭಯ, ಮೆಟ್ಟಿಲ ಭಯ, ಅವೆಲ್ಲ ಏನೂ ಅಲ್ಲ. ಅವನ ಅಮ್ಮನ ಹೆಸರೂ ನನಗೆ ಗೊತ್ತಿಲ್ಲ.

ಕೂಗಿದೆ. ಬಂತು, ಸಣ್ಣಗೆ.

ಕೂಗಿದೆ. ಇಲ್ಲ.

ಕೂಗಿದೆ. ಇಲ್ಲ. ಕಂಬಕ್ಕೆ ನೀರು ತಟ್ಟುವ ಸದ್ದು ಮಾತ್ರ.

ಎಂಜಿನ್ ನಿಂತಿತು. ಅವರೂ ಕಿವಿಗೊಟ್ಟಿದ್ದಾರೆ. ಇಡೀ ಸಮುದ್ರ ಸದ್ದು ಮಾಡಬಾರದ ಬೋಗಿ. ಎದ್ದು ನಿಂತು, ಎರಡೂ ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು, ಇದ್ದಬದ್ದ ಉಸಿರೆಲ್ಲ ಹಾಕಿ ಕರೆದೆ. ಬಾಯಲ್ಲಿ ರಕ್ತದ ರುಚಿ.

ಇಲ್ಲ.

ಇಲ್ಲ...

ಗುರ್. ಒಂದೇ ಒಂದು. ಎಡಗಡೆಯಿಂದ! ದೇವರೇ, ಅವನೇ! ಎಂಜಿನ್ ಗುಡುಗಿ ಅತ್ತ ತಿರುಗಿತು, ಯಾರೋ "ಸ್ಕಾರ್ಫ್! ಸ್ಕಾರ್ಫ್ ಕಾಣ್ತಿದೆ!" ಅಂತ ಕೂಗುತ್ತಿದ್ದಾರೆ, ಇಂಗ್ಲಿಷರು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾರೆ. ಫೋನಿನವರು ನಿಲ್ಲಿಸಬೇಡಿ, ಎತ್ತೋವರೆಗೂ ನಿಲ್ಲಿಸಬೇಡಿ ಅಂತಿದ್ದಾರೆ. ಪೆನ್ನು ಇಡುತ್ತೇನೆ, ಕೂಗಬೇಕು, ಸೂ—