ಎಲ್ಬಾ, ನೀವು ಒಪ್ಕೋಬೇಡಿ

ಕಬಿಮಾಸ್
೧೨ ಮಾರ್ಚ್ ೨೦೨೪, ಮಂಗಳವಾರ

ಪ್ರೀತಿಯ ಕೊಮಾದ್ರೆ ಎಲ್ಬಾಗೆ, ಸರೋವರದ ಈ ದಡದಿಂದ ನೆರಿಯೊ ಮಾಡೋ ನಮಸ್ಕಾರ.

ಗಟ್ಟಿ ಮನಸ್ಸು ಮಾಡ್ಕೊಂಡು ಓದಿ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಯಜಮಾನ ಹೆಬೆರ್ತೊ ನಮ್ಮನ್ನೆಲ್ಲ ಬಿಟ್ಟು ಹೋದ. ಆಗ ನಾನೇ ಪಕ್ಕದಲ್ಲಿದ್ದೆ. ಮುಖದಲ್ಲಿ ಒಂದು ಥರ ಶಾಂತಿ ಇತ್ತು.

ಹೋಗಿದ್ದು ಕ್ಷೌರಕ್ಕೆ. ಹನ್ನೊಂದೂವರೆಗೆ ವಾಪಸ್ ಬಂದ.

ಬೈಯಿರಿ, ಬೈಯಿರಿ. ಎಪ್ಪತ್ತೇಳಾದ್ರೂ ಈ ಬಣ್ಣಗಾರನ ಬುದ್ಧಿ ಒಣಗಿಲ್ಲ ಅನ್ನಿ. ಆದ್ರೆ ನಿಜ ಹೇಳಿ, ಎದೆ ಧಸಕ್ ಅಂತಲ್ವಾ? ಇಪ್ಪತ್ತು ವರ್ಷದಿಂದ ಗಂಡನ ಮುಖ ನೋಡದ ಹೆಂಗಸಿಗೆ ಅಷ್ಟಾದ್ರೂ ಅನ್ನಿಸ್ತಲ್ಲ. ಅವನು ಕೂದಲು ಕತ್ತರಿಸಿಕೊಂಡಿದ್ದು ಭಾನುವಾರದ ಊಟಕ್ಕೆ. ನಿಮ್ಮಿಬ್ಬರನ್ನೂ ಒಂದೇ ಮೇಜಿಗೆ ಕೂರಿಸ್ತೀನಿ ಅಂತ ನೊಹೆಲಿ ಹಟ ಹಿಡಿದಿದಾಳೆ. ಅಪ್ಪ ಅಮ್ಮನ ಹಟ ಎರಡೂ ಸೇರಿ ಹುಟ್ಟಿದ ಮಗಳು, ದೀಕ್ಷಾಸ್ನಾನದಲ್ಲಿ ಅವಳ ಜ್ಞಾನತಂದೆಯಾಗಿ ನಿಂತು ನಿಮ್ಮನ್ನ ಕೊಮಾದ್ರೆ ಅಂತ ಕರೆಯೋ ನಾನು ಏನು ಹೇಳೋಕಾಗುತ್ತೆ?

ನಿಮ್ಮ ಕಾಗದ ನಿನ್ನೆ ಮರಕೈಬೊದಿಂದ ಸೇತುವೆ ದಾಟಿ ಬಾಡಿಗೆ ಕಾರ್ ಡ್ರೈವರ್ ಕೈಲಿ ಬಂತು. "ಅವರ ಹೆಸರಲ್ಲಿ ಸಹಿ ಹಾಕಿದ್ದು ನಾನೇ ಅಂತ ಭಾನುವಾರ ಒಪ್ಕೊಂಡುಬಿಡ್ತೀನಿ ನೆರಿಯೊ. ಹಾಕಿಲ್ಲ ಅಂತ ದೇವರಿಗೆ ಗೊತ್ತು. ಆದ್ರೆ ಸಾಕಾಗಿದೆ. ಮಗಳ ಮನೇಲಿ ಇಬ್ಬರೂ ಒಟ್ಟಿಗೆ ಕೂತು ಉಣ್ಣೋಕೆ ಇಷ್ಟೇ ಬೆಲೆ ಅಂದ್ರೆ ಕೊಟ್ಟುಬಿಡ್ತೀನಿ. ನೀವು ಮೊದಲೇ ಅವರ ಕಿವಿಗೆ ಹಾಕಿಡಿ" ಅಂತ ಬರೆದಿದೀರಿ. ಮೂರು ಸಲ ಓದಿದೆ. ಕಾಫಿ ಆರಿ ತಣ್ಣಗಾಯ್ತು.

ಅವನ ಕಿವಿಗೆ ಹಾಕಿಲ್ಲ. ಅವನೇ ನನ್ನ ಕಿವಿಗೆ ಹಾಕಿದ. ಕ್ಷೌರದ ಕುರ್ಚೀಲಿ ಕೂತು, "ಲೋ ನೆರಿಯೊ, ಆ ಸಹಿ ಬಗ್ಗೆ ಈಗ ನಂಗೆ ಜಗಳಾನೇ ಇಲ್ಲ ಕಣೋ. ಇವತ್ತಾಗಿದ್ರೆ ನಾನೇ ಹಾಕ್ತಿದ್ದೆ. ಆದ್ರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ಳಲ್ಲ! ಒಂದ್ಸಲ ಹೌದು ಅಂದ್ಬಿಡ್ಲಿ, ಅಲ್ಲಿಗೆ ಮುಗೀತು" ಅಂದ. ಕ್ಷೌರದವನು ಕತ್ತರಿ ನಿಲ್ಲಿಸಿ, "ಯಜಮಾನ್ರೇ, ತಲೆ ಅಲ್ಲಾಡಿಸಿದ್ರೆ ಕಿವಿ ಯಾವ ಪಕ್ಷಕ್ಕೆ ಹೋಗುತ್ತೋ ಹೇಳಕ್ಕಾಗಲ್ಲ" ಅಂದ. ನಾನು ನಗಲಿಲ್ಲ ಕೊಮಾದ್ರೆ. ನಾನು ನಗದೆ ಇದ್ದಿದ್ದು ನೋಡಿ ಹೆಬೆರ್ತೊ, "ನಿಂಗೆ ಹುಷಾರಿಲ್ವೇನೋ?" ಅಂತ ಕೇಳಿದ.

ಹುಷಾರಿಲ್ಲ ಅಂತಲ್ಲ. ಸುಸ್ತು. ನಿಮ್ಮ ಮದುವೆ ನೆನಪಾಯ್ತು. ನೀವು ಹುಟ್ಟಾ ಬಿಳಿ ಪಕ್ಷ, ಅವನು ಹುಟ್ಟಾ ಹಸಿರು ಪಕ್ಷ. ಪಾದ್ರಿಗಿಂತ ಹೆಚ್ಚು ಬೆವರಿದ್ದು ನಿಮ್ಮಪ್ಪ. ಆಗ ಎರಡೇ ಪಕ್ಷ, ಐದು ವರ್ಷ ಅವರು, ಐದು ವರ್ಷ ಇವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬಿಳಿ ಗೆದ್ರೆ ನಿಮ್ಮಣ್ಣನಿಗೆ ಬಂದರಲ್ಲಿ ಕೆಲಸ, ಹಸಿರು ಗೆದ್ರೆ ಹೆಬೆರ್ತೊಗೆ ಬಡ್ತಿ. ಗೋಡೆ ಬರೆಯೋಕೆ ಇಬ್ಬರೂ ನನ್ನನ್ನೇ ಕರೀತಿದ್ರು. ಅವರದ್ದು ಶುಕ್ಲಪಕ್ಷ, ಇವರದ್ದು ಪಚ್ಚಪಕ್ಷ, ನನ್ನದು ಸಮಪಕ್ಷ. ಮತದಾನದ ದಿನ ನೀವು ಅವನ ಬೂಟು ಬಚ್ಚಿಡೋದು, ಅವನು ನಿಮ್ಮ ಕಾಫಿಗೆ ಉಪ್ಪು ಹಾಕೋದು. ಸಾಯಂಕಾಲ ಇಬ್ಬರೂ ಮಸಿ ಹತ್ತಿದ ಕಿರುಬೆರಳು ಎತ್ಕೊಂಡು ಒಂದೇ ತಟ್ಟೇಲಿ ಮಂದೋಕಾ ಮುರ್ಕೊಂಡು ತಿನ್ನೋದು. ಬಾಳೆಹಣ್ಣು, ಗಿಣ್ಣು ಹಾಕಿ ನೀವು ಕರೀತಿದ್ದ ಹಾಗೆ ಈಗ ಯಾರೂ ಕರಿಯಲ್ಲ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅಂತಾರಲ್ಲ, ಸರೋವರದ ತುಂಬ ತೈಲಬಾವಿ ಇರೋ ನಮ್ಮೂರಿನ ಗಾದೇನೇ ಅದು. ಕಣ್ಣು ಬಿಡೋ ಹೊತ್ತಿಗೆ ಎಣ್ಣೆ ಬೆಲೆ ಪಾತಾಳಕ್ಕಿಳಿದಿತ್ತು. ಹಂಚೋಕೆ ಏನೂ ಇಲ್ಲದಾಗ ಪಕ್ಷದಲ್ಲಿ ಯಾರು ಇರ್ತಾರೆ? ಬಿಳಿಯವರು ಒಡೆದ್ರು, ಹಸಿರಿನವರನ್ನ ಅವರ ಹಿರಿಯರೇ ಬಿಟ್ಟು ಹೊಸದು ಕಟ್ಟಿದ್ರು. ಕೊನೆಕೊನೆಗೆ ಒಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಇಬ್ಬರೂ ಭಾವ-ಮೈದುನ, ಅದೂ ಒಂದು ಪಕ್ಷ. ಆಮೇಲೆ ದೇಶದ ಹೊಸ ಅಧ್ಯಕ್ಷರ ಕೆಂಪು ಪಕ್ಷ ಬಂತು. ಹೆಬೆರ್ತೊ ಕೆಂಪು ಟೋಪಿ ಹಾಕ್ಕೊಂಡ. ಅವನೇನು ದಡ್ಡ ಅಲ್ಲ. ಇಷ್ಟು ದಿನ ಸರೋವರದ ತಳದಿಂದ ತೆಗೆದ ಎಣ್ಣೆ ದುಡ್ಡು ಈಗಲಾದ್ರೂ ಒಲೆ ತನಕ ಬರುತ್ತೆ ಅಂತ ನಂಬಿದ. ನೀವು ನಂಬಲಿಲ್ಲ. ಆದ್ರೂ ತಟ್ಟೆ ಒಂದೇ ಇತ್ತು.

೨೦೦೩ರ ಆ ನವೆಂಬರಲ್ಲಿ ಬೇಕರಿ ಮುಂದೆ ಮೇಜು ಹಾಕಿದ್ರು, ಆ ಕೆಂಪು ಅಧ್ಯಕ್ಷರನ್ನ ಇಳಿಸೋಕೆ ಮತದಾನ ಆಗ್ಲಿ ಅಂತ ಸಹಿ ಹಾಕಿಸ್ಕೊಳ್ಳೋಕೆ. ಹೆಸರು, ಗುರುತಿನ ಚೀಟಿ ನಂಬರು, ಸಹಿ, ಹೆಬ್ಬೆಟ್ಟು. ನೀವು ರಾಜಾರೋಷವಾಗಿ ಹೋಗಿ ಹಾಕಿ ಬಂದ್ರಿ. ಹೊಸ ವರ್ಷದಲ್ಲಿ ಸಹಿ ಹಾಕಿದವರ ಪಟ್ಟಿ ಬೀದಿಗೆ ಬಿತ್ತು. ಅದರಲ್ಲಿ ಕೆಂಪು ಟೋಪಿ ಹೆಬೆರ್ತೊ ಹೆಸರೂ ಇತ್ತು! ಅವನಿಗೆ ಕೆಲಸ ಕೊಟ್ಟಿದ್ದ ದೋಣಿ ರಿಪೇರಿ ಗುತ್ತಿಗೆದಾರ ಸರ್ಕಾರಕ್ಕೆ ಹೆದರಿ ಮಾರನೇ ದಿನವೇ ಗೇಟಲ್ಲಿ ನಿಲ್ಲಿಸಿದ. ಟೋಪಿ ತೋರಿಸಿದನಂತೆ, "ಟೋಪಿ ಹಾಕೋದು ನಮಗೂ ಗೊತ್ತು" ಅಂದನಂತೆ ಗುತ್ತಿಗೆದಾರ. ನಂಬರು ಮನೆಯವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಅಂತ ಹೆಬೆರ್ತೊ ನಿಮ್ಮನ್ನ ಕೇಳಿದ. ನೀವು ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ರಿ. ಅವನು ನಂಬಲಿಲ್ಲ. ಈಸ್ಟರ್ ಮುಗಿಯೋ ಹೊತ್ತಿಗೆ ನೀವು ಮರಕೈಬೊಗೆ ತಂಗಿ ಮನೆಗೆ ಹೋದ್ರಿ.

ಈಗ ನೋಡಿ, ಬಿಳಿ ಪಕ್ಷ ನಮ್ಮದೇ ಅಂತ ಇಬ್ಬರು ಹೇಳ್ಕೋತಾರೆ, ಯಾವುದು ಅಸಲಿ ಅಂತ ಕೋರ್ಟು ಹೇಳ್ಬೇಕು. ಕೆಂಪಿನವರಲ್ಲೂ ಒಬ್ಬರ ಮುಖ ಒಬ್ಬರಿಗಾಗಲ್ಲ. ಹೆಬೆರ್ತೊ ಆ ಟೋಪೀಲಿ ಬಟ್ಟೆ ಕ್ಲಿಪ್ಪು ತುಂಬಿಟ್ಟಿದಾನೆ. ಯಾರಿಗೋಸ್ಕರ ಕಿತ್ತಾಡಿದ್ವೋ ಅವರೆಲ್ಲ ರಾಜಿ ಆಗಿದಾರೆ, ಇಲ್ಲಾ ಸತ್ತಿದಾರೆ. ನೀವಿಬ್ಬರೇ ಉಳಿದಿರೋದು.

ಅದಕ್ಕೇ ಕೈ ಮುಗಿದು ಕೇಳ್ಕೋತೀನಿ, ಭಾನುವಾರ ಹೌದು ಅನ್ನಬೇಡಿ. ಮಾಡದ ತಪ್ಪನ್ನ ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸೋದು, ನೀವು ತಲೆ ತಗ್ಗಿಸಿ ಉಣ್ಣೋದು, ಪಕ್ಕದಲ್ಲಿ ನಾನು ಕೂತು ಜೋಕು ಹೇಳೋದು. ಆ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ.

ನಿಮ್ಮ ವಿಶ್ವಾಸದ,
ನೆರಿಯೊ ಉರ್ದಾನೆತಾ

ತಾ.ಕ.: ಸಹಿ ಮೇಲೆ ಹಾಕಿದ್ದಾಯ್ತು, ಇನ್ನು ಓಡೋಕಾಗಲ್ಲ. ಬೇಕರಿ ಮುಂದೆ ಮೇಜು ಹಾಕಿದ ಆ ಶನಿವಾರ ಬೆಳಿಗ್ಗೆ ಹೆಬೆರ್ತೊ ನನ್ನನ್ನ ಬೀದೀಲಿ ನಿಲ್ಲಿಸಿ, "ಏನೋ ಬಣ್ಣಗಾರ, ನಿನ್ನ ಬಿಳಿ ಹಸಿರು ಎರಡೂ ಉದುರಿ ಹೋದ್ವಲ್ಲೋ" ಅಂತ ಎಲ್ಲರೆದುರು ನಕ್ಕ. ಮೇಜಿನ ಹತ್ರ ನನ್ನ ಹೆಸರು ಬರೆದೆ. ಕೆಳಗಿನ ಸಾಲು ಖಾಲಿ ಇತ್ತು, ಮೇಜಿನ ಹುಡುಗಿ ಕಾಫಿ ತಗೊಳ್ಳೋಕೆ ಆ ಕಡೆ ತಿರುಗಿದ್ಲು. ಹದಿನೆಂಟು ವರ್ಷದವರಿದ್ದಾಗ ನಾವಿಬ್ಬರೂ ಒಂದೇ ಸಾಲಲ್ಲಿ ನಿಂತು ಗುರುತಿನ ಚೀಟಿ ಮಾಡಿಸ್ಕೊಂಡಿದ್ದು, ಅವನು ನನ್ನ ಹಿಂದೆ. ನನ್ನ ನಂಬರಿಗೆ ಒಂದು ಕೂಡಿಸಿದ್ರೆ ಅವನದ್ದು. ಅದು ಅವನಿಗೂ ಗೊತ್ತು. ಹೆಂಡತಿ ಮೇಲೆ ಅನುಮಾನ ಪಟ್ಟ, ಗೆಳೆಯನ ಮೇಲೆ ಪಡಲಿಲ್ಲ. ಆ ಖಾಲಿ ಸಾಲಲ್ಲಿ ಅವನ ಹೆಸರು, ನಂಬರು ಬರೆದು, ಸಹಿ ಗೀಚಿ, ನನ್ನ ಎಡಗೈ ಹೆಬ್ಬೆಟ್ಟು ಒತ್ತಿದೆ. ಕ್ರಿಸ್ಮಸ್ಸಿಗೆ ರಮ್ಮು ಕುಡೀತಾ ಹೇಳಿ ನಗಿಸೋಣ ಅಂತಿದ್ದೆ. ಅವತ್ತು ಅವನು ಜ್ವರ ಬಂದು ಮಲಗಿದ್ದ. ಆಮೇಲೆ ಕೆಲಸ ಹೋಯ್ತು. ಆಮೇಲೆ ಅದು ಜೋಕಾಗಿ ಉಳಿಲಿಲ್ಲ.

ಇದನ್ನ ಡ್ರೈವರ್ ಕೈಗೆ ಕೊಟ್ಟು, ಎಲ್ಲ ಹೇಳೋಕೆ ನೇರ ಹೆಬೆರ್ತೊ ಮನೆಗೇ ಹೋಗ್ತಿದೀನಿ. ಭಾನುವಾರ ನನಗೆ ತಟ್ಟೆ ಇಡೋದು ಬೇಡ ಅಂತ ನೊಹೆಲಿಗೆ ಹೇಳಿ. ನೀವು ಊರು ಬಿಟ್ಟ ದಿನ ನಿಮ್ಮ ಪೆಟ್ಟಿಗೆ ಕಾರಿಗೆ ಎತ್ತಿಟ್ಟಿದ್ದು ನಾನು. ಆಗಲೂ ಬಾಯಿ ಬಿಡಲಿಲ್ಲ.